ಎಲೆಕ್ಟ್ರಾನ್ ಬೀಮ್ ಲೇಸರ್: ಕೂದಲಿಗಿಂತ ತೆಳುವಾದ ಹಾಳೆಯ ಸುತ್ತ ಕಟ್ಟಿದ ಯಂತ್ರ

ಪ್ರಶ್ನೆ: ನಾನು ಧಾರವಾಡದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಕ್ರಿಪ್ಟಾನ್ ಫ್ಲೋರೈಡ್ ಲೇಸರ್‌ನ ದೊಡ್ಡ ಯಂತ್ರಗಳಲ್ಲಿ ಅನಿಲದೊಳಗೆ ವಿದ್ಯುತ್ ಹರಿಸುವ ಬದಲು ಎಲೆಕ್ಟ್ರಾನ್ ಬೀಮ್ ಹಾಯಿಸುತ್ತಾರೆ ಎಂದು ಓದಿದೆ. ಹಾಗೇಕೆ? ಅಂಥ ಪ್ರಯೋಗಕ್ಕೆ ಏನೇನು ಸಲಕರಣೆ ಬೇಕು? ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಚಿಕ್ಕದೊಂದನ್ನು ಕಟ್ಟಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಕಟ್ಟಲು ಹೋಗಬೇಡಿ. ಮೂರು ಲಕ್ಷ ವೋಲ್ಟ್, ಎಕ್ಸ್-ರೇ, ಫ್ಲೋರಿನ್ ಅನಿಲ, ಮೂರೂ ಒಂದೇ ಕೋಣೆಯಲ್ಲಿರುತ್ತವೆ. ಒಂದೊಂದೂ ಜೀವಕ್ಕೆ ಕುತ್ತು ತರುವಂಥದ್ದು. ಆದರೆ ಈ ಯಂತ್ರದ ಒಂದೊಂದು ಭಾಗದಿಂದಲೂ ಕಲಿಯುವುದು ಬೇಕಾದಷ್ಟಿದೆ. ಅದರಲ್ಲಿ ಕೆಲವನ್ನು ನಿಮ್ಮ ಲ್ಯಾಬಿನಲ್ಲೇ ಮಾಡಬಹುದು. ಯಾವುದು ಎಂದು ಕೊನೆಗೆ ಬರೆದಿದ್ದೇನೆ.

ನಾನು ಪಲ್ಸ್ ಪವರ್ ಲ್ಯಾಬಿನಲ್ಲಿ, ಅಂದರೆ ಕ್ಷಣಮಾತ್ರದ ಭಾರೀ ವಿದ್ಯುತ್ ಹೊಡೆತಗಳ ಲ್ಯಾಬಿನಲ್ಲಿ, ಹಲವು ವರ್ಷ ಕೆಲಸ ಮಾಡಿದವನು. ಹೊಸಬರು ಬಂದಾಗ ಅವರ ಕಣ್ಣು ಮೊದಲು ಹೋಗುವುದು ಆಳೆತ್ತರದ ಎಣ್ಣೆ ಟ್ಯಾಂಕಿನ ಕಡೆಗೆ, ಸಾಲಾಗಿ ನಿಂತ ಕೆಪಾಸಿಟರ್‌ಗಳ ಕಡೆಗೆ. ನಾನು ಮಾತ್ರ ಅವರ ಅಂಗೈ ಮೇಲೆ ಒಂದು ತುಂಡು ಟೈಟಾನಿಯಂ ಹಾಳೆ ಇಡುತ್ತಿದ್ದೆ. ಲ್ಯಾಬಿನಲ್ಲಿ ಎಲ್ಲರೂ ಫಾಯಿಲ್ ಅಂತಲೇ ಕರೆಯುತ್ತಾರೆ. ದಪ್ಪ 25 ಮೈಕ್ರಾನ್. ತಲೆಗೂದಲಿನ ಅರ್ಧದಷ್ಟೂ ಇಲ್ಲ. ಇದರ ಒಂದು ಕಡೆ ನಿರ್ವಾತ, ಇನ್ನೊಂದು ಕಡೆ ಎರಡು ವಾತಾವರಣದಷ್ಟು ಒತ್ತಡದ ಅನಿಲ. ಎಲೆಕ್ಟ್ರಾನ್‌ಗಳು ಇದನ್ನು ತೂರಿಕೊಂಡು ಹೋಗಬೇಕು. ಅನಿಲದ ಒಂದು ಗುಕ್ಕೂ ಈಚೆ ಬರಬಾರದು. ಯಂತ್ರದ ವೋಲ್ಟೇಜ್ ಎಷ್ಟಿರಬೇಕು, ಕಿಟಕಿ ಎಷ್ಟು ಅಗಲ ಇರಬೇಕು, ಸೆಕೆಂಡಿಗೆ ಎಷ್ಟು ಸಲ ಹೊಡೆಯಬಹುದು, ಎಲ್ಲವನ್ನೂ ತೀರ್ಮಾನಿಸುವುದು ಈ ಹಾಳೆ. ಇದನ್ನು ಹಿಡಿದುಕೊಂಡರೆ ಉಳಿದ ಸಲಕರಣೆಯ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ‘ಹಾಗೇಕೆ’ ಎಂಬ ಪ್ರಶ್ನೆ ನೋಡೋಣ. ಲೇಸರ್‌ನವರ ಮಾತಿನಲ್ಲಿ ಪಂಪ್ ಮಾಡುವುದೆಂದರೆ ಅನಿಲಕ್ಕೆ ಶಕ್ತಿ ತುಂಬುವುದು. ಟ್ಯೂಬ್‌ಲೈಟಿನಲ್ಲಿ ಆಗುವಂತೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ವಿದ್ಯುತ್ ಹರಿಸಿಯೂ ತುಂಬಬಹುದು. ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕ ಬಿಡಿಸಲು ಬಳಸುವ 193 ನ್ಯಾನೋಮೀಟರ್‌ನ ಆರ್ಗಾನ್ ಫ್ಲೋರೈಡ್ ಲೇಸರ್ ನಡೆಯುವುದೇ ಹೀಗೆ. ಚಿಪ್ ತಯಾರಿಸುವ ಕಾರ್ಖಾನೆಗಳ 248 ನ್ಯಾನೋಮೀಟರ್ ಲೇಸರ್‌ಗಳೂ ಹಾಗೆಯೇ. ಅಲ್ಲಿ ಅನಿಲದ ಗಾತ್ರ ಚಿಕ್ಕದು. ಗಾತ್ರ ದೊಡ್ಡದಾದಂತೆ ತೊಂದರೆ ಶುರು. ಫ್ಲೋರಿನ್‌ಗೆ ಎಲೆಕ್ಟ್ರಾನ್ ಕಂಡರೆ ಬಿಡುವುದಿಲ್ಲ, ನುಂಗಿಬಿಡುತ್ತದೆ. ಹಾಗಾಗಿ ವಿದ್ಯುತ್ ಸಮನಾಗಿ ಹರಡುವುದಿಲ್ಲ. ಎಲ್ಲೋ ಒಂದು ಕಡೆ ದಾರಿ ಮಾಡಿಕೊಂಡು ಸಿಡಿಲಿನ ಗೆರೆಯಂತೆ ಆರ್ಕ್ ಆಗಿ ಹೋಗುತ್ತದೆ. ಆ ಗೆರೆಯಲ್ಲಿ ಮಾತ್ರ ಶಕ್ತಿ, ಉಳಿದ ಅನಿಲ ತಣ್ಣಗೆ ಕೂತಿರುತ್ತದೆ.

ಎಲೆಕ್ಟ್ರಾನ್ ಬೀಮ್‌ಗೆ ಈ ಕಾಟ ಇಲ್ಲ. ಹೊರಗಡೆ ನಿರ್ವಾತದಲ್ಲೇ ವೇಗ ಪಡೆದ ಎಲೆಕ್ಟ್ರಾನ್ ಅನಿಲಕ್ಕೆ ನುಗ್ಗುತ್ತದೆ. ದಾರಿಯುದ್ದಕ್ಕೂ ಪರಮಾಣುಗಳನ್ನು ಡಿಕ್ಕಿ ಹೊಡೆಯುತ್ತಾ, ಸ್ವಲ್ಪ ಸ್ವಲ್ಪವೇ ಶಕ್ತಿ ಬಿಡುತ್ತಾ ಹೋಗುತ್ತದೆ. ಅನಿಲ ಅಗಲವಾಗಿದ್ದರೂ, ಒತ್ತಡ ಜಾಸ್ತಿ ಇದ್ದರೂ, ಎಲೆಕ್ಟ್ರಾನ್ ತಲುಪುವಷ್ಟು ಆಳದವರೆಗೆ ಶಕ್ತಿ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. 1970ರಲ್ಲಿ ಮಾಸ್ಕೋದ ಲೆಬೆಡೆವ್ ಸಂಸ್ಥೆಯಲ್ಲಿ ಬಾಸೊವ್ ಮತ್ತು ಸಂಗಡಿಗರು ದ್ರವ ಕ್ಸೆನಾನ್‌ಗೆ ಎಲೆಕ್ಟ್ರಾನ್ ಬೀಮ್ ಹೊಡೆದು ಮೊದಲ ಎಕ್ಸೈಮರ್ ಲೇಸರ್ (ಉದ್ರಿಕ್ತ ಸ್ಥಿತಿಯಲ್ಲಿ ಮಾತ್ರ ಬದುಕುವ ಅಣುವಿನ ಲೇಸರ್) ತೋರಿಸಿದರು. 1975ರಲ್ಲಿ ಅಮೆರಿಕದಲ್ಲಿ ಒಂದಾದ ಮೇಲೊಂದು ಬಂದವು. ನೌಕಾ ಸಂಶೋಧನಾ ಪ್ರಯೋಗಾಲಯದ ಸರ್ಲ್ಸ್ ಮತ್ತು ಹಾರ್ಟ್ ಕ್ಸೆನಾನ್ ಬ್ರೋಮೈಡ್ ಮಾಡಿದರು. ಆವ್ಕೊ ಎವರೆಟ್ ಪ್ರಯೋಗಾಲಯದ ಯೂಯಿಂಗ್ ಮತ್ತು ಬ್ರೌ ಕ್ರಿಪ್ಟಾನ್ ಫ್ಲೋರೈಡ್ ಮಾಡಿದರು. ಎಲ್ಲವೂ ಎಲೆಕ್ಟ್ರಾನ್ ಬೀಮ್‌ನಿಂದಲೇ. ಹೊಸ ಅನಿಲ ಲೇಸರ್ ಆಗುತ್ತದೋ ಇಲ್ಲವೋ ಎಂದು ಬೇಗ ನೋಡಲು ಅದಕ್ಕಿಂತ ನೇರವಾದ ದಾರಿ ಆಗ ಇರಲಿಲ್ಲ. ಫೆಬೆಟ್ರಾನ್ 706 ಎಂಬ ರೆಡಿಮೇಡ್ ಯಂತ್ರ ಆ ಕಾಲದ ಎಷ್ಟೋ ಲ್ಯಾಬುಗಳಲ್ಲಿತ್ತು. ಸುಮಾರು 600 ಕಿಲೋವೋಲ್ಟ್, ಬರೀ 3 ನ್ಯಾನೋಸೆಕೆಂಡ್‌ನ ಹೊಡೆತ. ಅದರ ಬಾಯಿಗೆ ಒಂದು ಪುಟ್ಟ ಅನಿಲದ ಕೋಶ ಜೋಡಿಸಿದರೆ ಪ್ರಯೋಗ ಶುರು.

ಎಲೆಕ್ಟ್ರಾನ್ ಒಳಗೆ ಹೋದ ಮೇಲೆ ಏನಾಗುತ್ತದೆ? ಕ್ರಿಪ್ಟಾನ್ ಫ್ಲೋರೈಡ್ ಲೇಸರ್‌ನ ಮಿಶ್ರಣದಲ್ಲಿ ಜಾಸ್ತಿ ಇರುವುದು ಆರ್ಗಾನ್ ಮತ್ತು ಕ್ರಿಪ್ಟಾನ್. ಫ್ಲೋರಿನ್ ಶೇಕಡಾ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಆರ್ಗಾನ್‌ನಲ್ಲಿ ಒಂದು ಅಯಾನು ಮತ್ತು ಒಂದು ಬಿಡಿ ಎಲೆಕ್ಟ್ರಾನಿನ ಜೋಡಿ ಹುಟ್ಟಲು ಸರಾಸರಿ 26 ಎಲೆಕ್ಟ್ರಾನ್ ವೋಲ್ಟ್ ಖರ್ಚು. ಹಾಗೆ ಬಿಡಿಯಾದ ಎಲೆಕ್ಟ್ರಾನನ್ನು ಫ್ಲೋರಿನ್ ನುಂಗಿ ಋಣ ಅಯಾನು ಆಗುತ್ತದೆ. ಎಲೆಕ್ಟ್ರೋಡ್‌ಗಳ ನಡುವೆ ವಿದ್ಯುತ್ ಹರಿಸುವಾಗ ಕಾಟ ಕೊಟ್ಟ ಅದೇ ಗುಣ ಇಲ್ಲಿ ಕೆಲಸಕ್ಕೆ ಬಂತು, ನೋಡಿ. ಧನ ಅಯಾನು ಮತ್ತು ಋಣ ಅಯಾನು ಕೂಡಿ, ಉದ್ರಿಕ್ತ ಸ್ಥಿತಿಯ ಕ್ರಿಪ್ಟಾನ್ ಫ್ಲೋರೈಡ್ ಅಣು ಹುಟ್ಟುತ್ತದೆ. ಅದು ಕೆಲವೇ ನ್ಯಾನೋಸೆಕೆಂಡ್ ಬದುಕಿ, 5 ಎಲೆಕ್ಟ್ರಾನ್ ವೋಲ್ಟ್‌ನ ಒಂದು ಫೋಟಾನ್ ಬಿಟ್ಟು ಒಡೆದು ಹೋಗುತ್ತದೆ. ಒಡೆದ ಮೇಲೆ ಆ ಅಣುವೇ ಇಲ್ಲ. ಕೆಳಗಿನ ಮಟ್ಟ ಯಾವಾಗಲೂ ಖಾಲಿ. ಲೇಸರ್‌ಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

26 ಕೊಟ್ಟು 5 ಪಡೆದರೆ ಶೇಕಡಾ 19 ಆಯಿತು. ಅಯಾನು ಆಗದೆ ಬರೀ ಉದ್ರಿಕ್ತಗೊಂಡ ಪರಮಾಣುಗಳೂ ಈ ಕೆಲಸಕ್ಕೆ ಬರುತ್ತವೆ, ಅವನ್ನು ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಫ್ಲೋರಿನ್ ಮತ್ತು ಅನಿಲದಲ್ಲಿ ಹುಟ್ಟುವ ಬೇರೆ ಅಯಾನುಗಳು 248 ನ್ಯಾನೋಮೀಟರ್ ಬೆಳಕಿನ ಒಂದು ಪಾಲನ್ನು ತಿಂದುಬಿಡುತ್ತವೆ. ಕೊನೆಗೆ ಅನಿಲಕ್ಕೆ ಬಿದ್ದ ಶಕ್ತಿಯಲ್ಲಿ ಸುಮಾರು ಶೇಕಡಾ 10 ಬೆಳಕಾಗಿ ಸಿಗುತ್ತದೆ. ಅನಿಲ ಲೇಸರ್‌ಗೆ ಇದು ಒಳ್ಳೆಯ ಅಂಕಿ. ಆದರೆ ‘ಅನಿಲಕ್ಕೆ ಬಿದ್ದ ಶಕ್ತಿಯಲ್ಲಿ’ ಎಂಬ ಮಾತು ನೆನಪಿಡಿ. ಅನಿಲಕ್ಕೆ ಬೀಳುವ ಮೊದಲು ಹಾಳೆ ದಾಟಬೇಕಲ್ವಾ?

ಈಗ ಆ ಹಾಳೆಯ ಲೆಕ್ಕ. ಎಲೆಕ್ಟ್ರಾನ್‌ಗೆ ಹಾಳೆಯ ದಪ್ಪ ಎಷ್ಟು ಮೈಕ್ರಾನ್ ಎನ್ನುವುದಕ್ಕಿಂತ ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ತೂಕದ ಲೋಹ ಅಡ್ಡ ಬಂತು ಎನ್ನುವುದೇ ಮುಖ್ಯ. ಟೈಟಾನಿಯಂ ಸಾಂದ್ರತೆ 4.5. ಅದನ್ನು 25 ಮೈಕ್ರಾನಿಂದ ಗುಣಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 11 ಮಿಲಿಗ್ರಾಂ. 70–80 ಕಿಲೋವೋಲ್ಟ್‌ನ ಎಲೆಕ್ಟ್ರಾನ್‌ಗಳು ಇದರಲ್ಲೇ ಸಿಕ್ಕಿಬಿದ್ದು ನಿಲ್ಲುತ್ತವೆ. 300 ಕಿಲೋವೋಲ್ಟ್‌ನವು ದಾಟುತ್ತವೆ, ಆದರೆ 20ರಿಂದ 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ಸುಂಕ ಕಟ್ಟಿ ದಾಟುತ್ತವೆ. 500ಕ್ಕೆ ಏರಿಸಿದರೆ ಸುಂಕ ಇನ್ನೂ ಕಡಿಮೆ, ಯಾಕೆಂದರೆ ವೇಗದ ಎಲೆಕ್ಟ್ರಾನ್ ಲೋಹದೊಳಗೆ ಇರುವ ಹೊತ್ತೇ ಕಡಿಮೆ. ಯಂತ್ರಗಳಿಗೆ ಇಷ್ಟೊಂದು ವೋಲ್ಟೇಜ್ ಯಾಕೆ ಎಂದು ಎಷ್ಟೋ ಜನ ಕೇಳುತ್ತಾರೆ. ಅನಿಲದ ಅಯಾನು ಮಾಡಲು ಇಪ್ಪತ್ತು ಮೂವತ್ತು ವೋಲ್ಟ್ ಸಾಕು. ಲಕ್ಷಗಟ್ಟಲೆ ವೋಲ್ಟ್ ಬೇಕಾಗಿರುವುದು ಹಾಳೆ ದಾಟುವುದಕ್ಕೆ, ಆಮೇಲೆ ಅನಿಲದ ಆಳಕ್ಕೆ ಹೋಗುವುದಕ್ಕೆ.

ಹಾಗಾದರೆ ಹಾಳೆಯನ್ನು ಇನ್ನೂ ತೆಳು ಮಾಡಬಾರದೇ? ಒತ್ತಡ ತಡೆಯಬೇಕಲ್ಲ. ಒತ್ತಡಕ್ಕೆ ಹಾಳೆ ಸ್ವಲ್ಪ ಉಬ್ಬುತ್ತದೆ. ಆ ಉಬ್ಬಿನ ತ್ರಿಜ್ಯವನ್ನು ಒತ್ತಡದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ ಲೋಹದ ಮೇಲಿನ ಎಳೆತ ಸಿಗುತ್ತದೆ. ಎರಡು ವಾತಾವರಣ ಒತ್ತಡ, 2 ಸೆಂಟಿಮೀಟರ್ ತ್ರಿಜ್ಯ, 25 ಮೈಕ್ರಾನ್ ದಪ್ಪ ಇಟ್ಟು ನೋಡಿ. ಸುಮಾರು 160 ಮೆಗಾಪಾಸ್ಕಲ್ ಬರುತ್ತದೆ. ಟೈಟಾನಿಯಂ ತಡೆಯುತ್ತದೆ. ಆದರೆ ಪ್ರತಿ ಹೊಡೆತಕ್ಕೂ ಅನಿಲದ ಒತ್ತಡ ಒಮ್ಮೆ ಜಿಗಿಯುತ್ತದೆ, ಹಾಳೆ ಬಿಸಿಯಾಗುತ್ತದೆ, ಸಾವಿರಾರು ಸಲ ಹಾಗೆಯೇ ಆಗುತ್ತದೆ. ಸುಸ್ತಾಗಿ ಹರಿಯುವುದು ಆಗಲೇ. ಅದಕ್ಕೇ ಹಾಳೆಯ ಹಿಂದೆ ನಿರ್ವಾತದ ಕಡೆ ಲೋಹದ ಪಟ್ಟಿಗಳ ಒಂದು ಜಾಲರಿ ಇರುತ್ತದೆ. ಹಾಳೆ ಅದಕ್ಕೆ ಒರಗಿಕೊಂಡಿರುತ್ತದೆ. ಜಪಾನಿನ ಇದ್ದಿಲ ಒಲೆಯ ಹೆಸರಿನಿಂದ ಇದನ್ನು ಪ್ರಪಂಚದ ಎಲ್ಲಾ ಲ್ಯಾಬುಗಳಲ್ಲೂ ಹಿಬಾಚಿ ಎಂದು ಕರೆಯುತ್ತಾರೆ.

ಹಿಬಾಚಿ ಹಾಳೆಯನ್ನು ಉಳಿಸುತ್ತದೆ, ಆದರೆ ಎಲೆಕ್ಟ್ರಾನ್‌ಗಳನ್ನು ತಾನೇ ನುಂಗುತ್ತದೆ. ಪಟ್ಟಿಗೆ ಬಡಿದ ಎಲೆಕ್ಟ್ರಾನ್ ಅಲ್ಲೇ ಮುಗಿಯಿತು. ಹಾಳೆ, ಹಿಬಾಚಿ ಎರಡೂ ಸೇರಿ ಬೀಮ್‌ನ ಅರ್ಧದಷ್ಟು ಶಕ್ತಿ ಕಳೆಯುವುದು ಹಳೆಯ ಯಂತ್ರಗಳಲ್ಲಿ ಮಾಮೂಲು. ವಾಷಿಂಗ್ಟನ್ ಡಿ.ಸಿ.ಯ ನೌಕಾ ಸಂಶೋಧನಾ ಪ್ರಯೋಗಾಲಯದವರು ಎಲೆಕ್ಟ್ರಾ ಎಂಬ ಯಂತ್ರದಲ್ಲಿ ಇದಕ್ಕೆ ಚೆಂದದ ದಾರಿ ಹುಡುಕಿದರು. ಎಲೆಕ್ಟ್ರಾನ್ ಹೊರಡುವ ಕ್ಯಾಥೋಡನ್ನೇ ಪಟ್ಟೆಪಟ್ಟೆಯಾಗಿ ಮಾಡಿದರು. ಪ್ರತಿ ಪಟ್ಟೆಯಿಂದ ಹೊರಟ ಬೀಮ್ ಹಿಬಾಚಿಯ ಎರಡು ಪಟ್ಟಿಗಳ ಸಂದಿಯಲ್ಲೇ ನುಸುಳಬೇಕು. ಆದರೆ ಬೀಮ್ ಹಿಂಡಿಕೊಳ್ಳದಂತೆ ಹೊರಗಿನಿಂದ ಕೊಟ್ಟ ಕಾಂತಕ್ಷೇತ್ರದಲ್ಲಿ ಬರುವಾಗ ಅದು ಸ್ವಲ್ಪ ತಿರುಗಿಕೊಳ್ಳುತ್ತದೆ. ಅದಕ್ಕೆ ಕ್ಯಾಥೋಡ್ ಪಟ್ಟೆಗಳನ್ನು ಮೊದಲೇ ಅಷ್ಟು ಡಿಗ್ರಿ ಎದುರು ದಿಕ್ಕಿಗೆ ವಾಲಿಸಿಟ್ಟರು. ಹಾಳೆಗೆ ತಲುಪುವಾಗ ನೇರವಾಗಿರುತ್ತದೆ. ಬೀಮ್‌ನ ಶಕ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅನಿಲಕ್ಕೆ ಸೇರಿತು. ಹೊಸ ವಸ್ತು ಏನೂ ಇಲ್ಲ, ಬರೀ ಜ್ಯಾಮಿತಿ. ಈ ಕೆಲಸ ನನಗೆ ಈಗಲೂ ತುಂಬಾ ಇಷ್ಟ.

ಹಾಳೆಯ ಬಗ್ಗೆ ಇನ್ನೊಂದು ಮಾತು. ಅದು ಒಂದೇ ದಿಕ್ಕಿನ ಒತ್ತಡ ತಡೆಯುತ್ತದೆ. ಅನಿಲದ ಕಡೆಯಿಂದ ತಳ್ಳಿದರೆ ಹಿಬಾಚಿಗೆ ಒರಗುತ್ತದೆ. ಎದುರಿನಿಂದ ತಳ್ಳಿದರೆ ಒರಗಲು ಏನೂ ಇಲ್ಲ. ನಾನು ಹೊಸಬನಾಗಿದ್ದಾಗ ಒಂದು ಸಂಜೆ ಮನೆಗೆ ಹೋಗುವ ಅವಸರದಲ್ಲಿದ್ದೆ. ಡಯೋಡ್ ಕಡೆ, ಅಂದರೆ ಎಲೆಕ್ಟ್ರಾನ್ ಹುಟ್ಟಿ ವೇಗ ಪಡೆಯುವ ನಿರ್ವಾತದ ಕಡೆ, ಗಾಳಿ ತುಂಬಿತ್ತು. ಅದನ್ನು ಮರೆತು ಅನಿಲದ ಚೇಂಬರನ್ನು ಪಂಪಿಗೆ ತೆರೆದೆ. ಪಟ್ ಎಂದು ಸಣ್ಣ ಸದ್ದು, ಅಷ್ಟೇ. ಮೂರು ದಿನ ಕೂತು ಸುಕ್ಕಿಲ್ಲದಂತೆ ಹಾಕಿದ ಹಾಳೆ ಚೂರಾಗಿ ಚೇಂಬರಿನ ತಳದಲ್ಲಿ ಬಿದ್ದಿತ್ತು. ಆಮೇಲೆ ನಾವು ಎರಡೂ ಕಡೆಯನ್ನು ಸೇರಿಸುವ ಒಂದು ಬೈಪಾಸ್ ಕೊಳವೆ ಹಾಕಿದೆವು. ಗಾಳಿ ತೆಗೆಯುವಾಗ ಎರಡೂ ಕಡೆ ಒಟ್ಟಿಗೇ ಇಳಿಯುತ್ತದೆ. ಪೂರ್ತಿ ನಿರ್ವಾತ ಆದ ಮೇಲೆ ಬೈಪಾಸ್ ಮುಚ್ಚಿ, ಆಮೇಲೆ ಒಂದು ಕಡೆಗೆ ಮಾತ್ರ ಅನಿಲ ಬಿಡುವುದು. ಹೊಸ ಹಾಳೆ ಹಾಕುವ ಮೊದಲು ಕತ್ತಲೆ ಕೋಣೆಯಲ್ಲಿ ಹಿಂದೆ ದೀಪ ಹಿಡಿದು ನೋಡುವುದೂ ರೂಢಿಯಾಯಿತು. ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದಂತೆ ಹೊಳೆಯುತ್ತದೆ.

ಇನ್ನು ಎಲೆಕ್ಟ್ರಾನ್ ಎಲ್ಲಿಂದ ಬರುತ್ತದೆ ನೋಡೋಣ. ಹಾಳೆಯ ಎದುರಿಗೆ ಕೆಲವು ಸೆಂಟಿಮೀಟರ್ ದೂರದಲ್ಲಿ ಕ್ಯಾಥೋಡ್ ಇರುತ್ತದೆ. ಹಳೆಯ ಟಿ.ವಿ. ಟ್ಯೂಬಿನಂತೆ ಇದನ್ನು ಬಿಸಿ ಮಾಡುವುದಿಲ್ಲ. ಇಷ್ಟು ದೊಡ್ಡ ಕರೆಂಟಿಗೆ ತಣ್ಣನೆಯ ಕ್ಯಾಥೋಡೇ ಸುಲಭ. ಗ್ರಾಫೈಟ್, ಕಾರ್ಬನ್ ನಾರು, ಕೊನೆಗೆ ಬಟ್ಟೆ ಅಂಗಡಿಯ ವೆಲ್ವೆಟ್ ಕೂಡ ಆಗುತ್ತದೆ. ಹೌದು, ವೆಲ್ವೆಟ್! ಲೋಹದ ತಟ್ಟೆಗೆ ಅಂಟಿಸಿದ ವೆಲ್ವೆಟ್ ಎಷ್ಟೋ ಲ್ಯಾಬುಗಳ ಕ್ಯಾಥೋಡ್. ಅದರ ನವಿರಾದ ಎಳೆಗಳ ತುದಿಯಲ್ಲಿ ವಿದ್ಯುತ್ ಕ್ಷೇತ್ರ ಒಟ್ಟುಗೂಡುತ್ತದೆ. ಗ್ರಾಫೈಟ್ ಮತ್ತು ಲೋಹದಲ್ಲಿ ಈ ಕೆಲಸ ಮಾಡುವುದು ಕಣ್ಣಿಗೆ ಕಾಣದ ಮೊನೆಗಳು. ವೋಲ್ಟೇಜ್ ಏರಿದ ಕೂಡಲೇ ಆ ಮೊನೆಗಳು ಸಿಡಿದು ಪ್ಲಾಸ್ಮಾ ಆಗುತ್ತವೆ. ಆ ಪ್ಲಾಸ್ಮಾದಿಂದ ಬೇಕಾದಷ್ಟು ಎಲೆಕ್ಟ್ರಾನ್ ಸಿಗುತ್ತದೆ. ಈ ಸಿಡಿತದ ಉತ್ಸರ್ಜನೆಯನ್ನು 1960ರ ದಶಕದಿಂದ ಆಳವಾಗಿ ಅಧ್ಯಯನ ಮಾಡಿದವರು ಸೈಬೀರಿಯಾದ ಟಾಮ್ಸ್ಕ್‌ನ ಮೆಸ್ಯಾಟ್ಸ್ ಮತ್ತು ಅವರ ತಂಡ.

ಎಷ್ಟು ಕರೆಂಟ್ ಬರುತ್ತದೆ ಎಂಬುದಕ್ಕೆ ನಿಮ್ಮ ಪುಸ್ತಕದಲ್ಲೇ ಇರುವ ಚೈಲ್ಡ್–ಲ್ಯಾಂಗ್‌ಮುಯಿರ್ ನಿಯಮ ಸಾಕು. 300 ಕಿಲೋವೋಲ್ಟ್, 5 ಸೆಂಟಿಮೀಟರ್ ಅಂತರ ಇಟ್ಟರೆ ಚದರ ಸೆಂಟಿಮೀಟರಿಗೆ ಸುಮಾರು 15 ಆಂಪಿಯರ್. ಆದರೆ ಕ್ಯಾಥೋಡ್ ಪ್ಲಾಸ್ಮಾ ಸುಮ್ನೆ ನಿಂತಿರುವುದಿಲ್ಲ. ಮೈಕ್ರೋಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್ ವೇಗದಲ್ಲಿ ಹಾಳೆಯ ಕಡೆ ಬರುತ್ತಿರುತ್ತದೆ. 100 ನ್ಯಾನೋಸೆಕೆಂಡ್ ಹೊಡೆತವಾದರೆ ಎರಡು ಮೂರು ಮಿಲಿಮೀಟರ್ ಸರಿಯುತ್ತದೆ, ಚಿಂತೆಯಿಲ್ಲ. ಒಂದು ಮೈಕ್ರೋಸೆಕೆಂಡ್ ಹೊಡೆದರೆ ಅರ್ಧ ದಾರಿ ಬಂದುಬಿಡುತ್ತದೆ. ಅಂತರ ಕಡಿಮೆಯಾದಂತೆ ಕರೆಂಟ್ ಏರುತ್ತದೆ, ವೋಲ್ಟೇಜ್ ಬೀಳುತ್ತದೆ. ವೋಲ್ಟೇಜ್ ಬಿದ್ದರೆ ನಿಧಾನದ ಎಲೆಕ್ಟ್ರಾನ್ ಜಾಸ್ತಿ. ಅವು ಹಾಳೆಯಲ್ಲೇ ನಿಂತು ಅದನ್ನು ಸುಡುತ್ತವೆ. ಹೊಡೆತದ ಕೊನೆ ನಿಧಾನವಾಗಿ ಇಳಿಯದೆ ಚೂಪಾಗಿ ನಿಲ್ಲಬೇಕು ಎಂದು ನಾವು ಹಠ ಹಿಡಿಯುವುದು ಇದಕ್ಕೇ. ದೊಡ್ಡ ಯಂತ್ರದಲ್ಲಿ ಬೀಮ್‌ನ ಕರೆಂಟ್ ತನ್ನದೇ ಕಾಂತಕ್ಷೇತ್ರದಿಂದ ತನ್ನನ್ನೇ ಹಿಂಡಿಕೊಳ್ಳುತ್ತದೆ. ಅದನ್ನು ತಡೆಯಲು ಹೊರಗಿನಿಂದ ಸುರುಳಿ ಹಾಕಿ ನೇರವಾದ ಕಾಂತಕ್ಷೇತ್ರ ಕೊಡಬೇಕು.

ಈ ವೋಲ್ಟೇಜ್ ಹುಟ್ಟುವುದು ಮಾರ್ಕ್ಸ್ ಜನರೇಟರಿನಲ್ಲಿ. ಜರ್ಮನಿಯ ಎರ್ವಿನ್ ಮಾರ್ಕ್ಸ್ 1920ರ ದಶಕದಲ್ಲಿ ಕೊಟ್ಟ ಉಪಾಯ ಇದು. ಕೆಪಾಸಿಟರ್‌ಗಳನ್ನು ಸಮಾಂತರವಾಗಿ ಚಾರ್ಜ್ ಮಾಡಿ, ಸ್ಪಾರ್ಕ್ ಗ್ಯಾಪ್ ಹಾರಿಸಿ, ಕ್ಷಣದಲ್ಲಿ ಸರಣಿಯಾಗಿ ಜೋಡಿಸುವುದು. 0.1 ಮೈಕ್ರೋಫ್ಯಾರಡ್‌ನ ಹನ್ನೆರಡು ಕೆಪಾಸಿಟರ್, ಪ್ರತಿಯೊಂದಕ್ಕೂ 50 ಕಿಲೋವೋಲ್ಟ್ ಇದ್ದರೆ 600 ಕಿಲೋವೋಲ್ಟ್ ಆಯಿತು. ಒಳಗಿರುವ ಶಕ್ತಿ 1,500 ಜೂಲ್. ಆದರೆ ಮಾರ್ಕ್ಸ್‌ನ ಹೊಡೆತ ಒಡ್ಡೊಡ್ಡಾಗಿರುತ್ತದೆ. ನಮಗೆ ಬೇಕಾದ್ದು ಮೇಲೆ ಸಪಾಟಾದ, ಎರಡೂ ಕಡೆ ಕಡಿದಾದ ಹೊಡೆತ. ಅದಕ್ಕೆ ನಡುವೆ ಒಂದು ಪಲ್ಸ್ ಫಾರ್ಮಿಂಗ್ ಲೈನ್ ಹಾಕುತ್ತಾರೆ. ಒಂದರೊಳಗೊಂದು ಇಟ್ಟ ಎರಡು ಲೋಹದ ಕೊಳವೆ, ನಡುವೆ ಶುದ್ಧ ನೀರು.

ನೀರು ಯಾಕೆ? ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 80. ಅದರಲ್ಲಿ ವಿದ್ಯುತ್ ಅಲೆ ಬೆಳಕಿಗಿಂತ ಒಂಬತ್ತು ಪಟ್ಟು ನಿಧಾನ. 100 ನ್ಯಾನೋಸೆಕೆಂಡ್ ಹೊಡೆತಕ್ಕೆ ಸುಮಾರು 1.7 ಮೀಟರ್ ಉದ್ದದ ಲೈನ್ ಸಾಕು. ಅದನ್ನೇ ಎಣ್ಣೆಯಲ್ಲಿ ಮಾಡಿದರೆ ಹತ್ತು ಮೀಟರ್ ಬೇಕು. ಆದರೆ ನೀರು ಒಂದು ಮೈಕ್ರೋಸೆಕೆಂಡಿಗಿಂತ ಜಾಸ್ತಿ ಹೊತ್ತು ಆ ವೋಲ್ಟೇಜ್ ಹೊರುವುದಿಲ್ಲ. ಹಾಗಾಗಿ ಮಾರ್ಕ್ಸ್ ಅದನ್ನು ಬೇಗ ತುಂಬಬೇಕು. ನೀರಿನಿಂದ ಅಯಾನುಗಳನ್ನು ತೆಗೆಯುವ ರೆಸಿನ್ ಕಾಲಂ ಹಗಲೂ ರಾತ್ರಿ ನಡೆಯುತ್ತಿರಬೇಕು. ಸರಳ ಲೈನಿನಲ್ಲಿ, ಲೋಡ್ ಸರಿಹೊಂದಿದಾಗ ತುಂಬಿದ ವೋಲ್ಟೇಜಿನ ಅರ್ಧ ಮಾತ್ರ ಹೊರಗೆ ಸಿಗುತ್ತದೆ. ಪೂರ್ತಿ ಬೇಕಾದರೆ ಬ್ಲೂಮ್‌ಲೈನ್ ಎಂಬ ಎರಡು ಪದರದ ಜೋಡಣೆ ಮಾಡಬೇಕು.

ಒಂದು ಊಹೆಯ ಯಂತ್ರದ ಲೆಕ್ಕ ಹಾಕೋಣ. ಕ್ಯಾಥೋಡ್ 10 × 60 ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 15 ಆಂಪಿಯರ್ ಅಂದರೆ ಒಟ್ಟು 9,000 ಆಂಪಿಯರ್. 300 ಕಿಲೋವೋಲ್ಟ್, 100 ನ್ಯಾನೋಸೆಕೆಂಡ್. ಗುಣಿಸಿದರೆ ಬೀಮ್‌ನಲ್ಲಿ 270 ಜೂಲ್. ಹಾಳೆ ಮತ್ತು ಹಿಬಾಚಿ ದಾಟಿ ಶೇಕಡಾ 60 ಉಳಿಯಿತು ಅಂದುಕೊಳ್ಳಿ, 160 ಜೂಲ್. ಅನಿಲದ ಆಳ 10 ಸೆಂಟಿಮೀಟರ್ ಮಾತ್ರ ಇದ್ದರೆ ಒಂದಷ್ಟು ಎಲೆಕ್ಟ್ರಾನ್ ಎದುರಿನ ಗೋಡೆಗೆ ಹೋಗಿ ಬಡಿಯುತ್ತವೆ. ಅನಿಲಕ್ಕೆ 100 ಜೂಲ್ ಬಿತ್ತು ಎನ್ನೋಣ. ಅದರಲ್ಲಿ ಶೇಕಡಾ 10 ಅಂದರೆ 10 ಜೂಲ್ ಲೇಸರ್ ಬೆಳಕು. ಹೊರಟಿದ್ದು 270, ಸಿಕ್ಕಿದ್ದು 10. ಎಲ್ಲಿ ಕಳೆಯಿತು ಎಂದು ಒಂದೊಂದು ಮೆಟ್ಟಿಲನ್ನೂ ಅಳೆಯುವುದೇ ಪ್ರಯೋಗದವರ ದಿನನಿತ್ಯದ ಕೆಲಸ.

ಅಳೆಯುವುದು ಹೇಗೆ? ವೋಲ್ಟೇಜ್‌ಗೆ ಕೆಪಾಸಿಟರ್ ಡಿವೈಡರ್. ಕರೆಂಟಿಗೆ ರೋಗೋವ್ಸ್ಕಿ ಕಾಯಿಲ್, ಅಂದರೆ ಕರೆಂಟಿನ ದಾರಿಯ ಸುತ್ತ ಬಳೆಯಂತೆ ಹಾಕುವ ತಂತಿ ಸುರುಳಿ. ಹಾಳೆ ದಾಟಿ ಬಂದ ಕರೆಂಟಿಗೆ ಫ್ಯಾರಡೆ ಕಪ್, ಅಂದರೆ ಎಲೆಕ್ಟ್ರಾನ್ ಹಿಡಿಯುವ ಲೋಹದ ಬಟ್ಟಲು. ಬೀಮ್ ಎಲ್ಲೆಲ್ಲಿ ಎಷ್ಟು ಬಿತ್ತು ಎಂದು ನೋಡಲು, ವಿಕಿರಣ ಬಿದ್ದರೆ ಬಣ್ಣ ಬದಲಾಗುವ ಫಿಲ್ಮ್. ಅದರ ಮೇಲೆ ಹಿಬಾಚಿಯ ಪಟ್ಟಿಗಳ ನೆರಳು ಅಚ್ಚೊತ್ತಿದಂತೆ ಮೂಡುತ್ತದೆ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಒತ್ತಡದ ಜಿಗಿತದ ಮೇಲೆ. ಆರ್ಗಾನ್‌ಗೆ ಬಿದ್ದ ಶಕ್ತಿ ಬಹುಪಾಲು ಶಾಖವಾಗುತ್ತದೆ. ಒತ್ತಡ ಎಷ್ಟು ಏರಿತು ಎಂದು ಅಳೆದರೆ ಶಕ್ತಿ ಎಷ್ಟು ಬಿತ್ತು ಎಂದು ಗೊತ್ತಾಗುತ್ತದೆ. ಘನ ಮೀಟರಿಗೆ ಬಿದ್ದ ಜೂಲ್‌ಗಳ ಮೂರನೇ ಎರಡು ಪಾಲೇ ಒತ್ತಡದ ಏರಿಕೆ. ನಮ್ಮ ಊಹೆಯ ಯಂತ್ರದಲ್ಲಿ 6 ಲೀಟರ್ ಅನಿಲಕ್ಕೆ 100 ಜೂಲ್ ಅಂದರೆ ಸುಮಾರು 11 ಕಿಲೋಪಾಸ್ಕಲ್. ಒಂದು ವೇಗದ ಒತ್ತಡ ಸೆನ್ಸರ್ ಇದನ್ನು ಸಲೀಸಾಗಿ ಹೇಳುತ್ತದೆ. ಪಿಯುಸಿಯ ಅನಿಲ ನಿಯಮವೇ ಇಲ್ಲಿ ಕೆಲಸ ಮಾಡುತ್ತಿರುವುದು.

ಇಷ್ಟು ದೊಡ್ಡ ಹೊಡೆತದ ಪಕ್ಕದಲ್ಲಿ ಆಸಿಲೋಸ್ಕೋಪ್ ಇಟ್ಟರೆ ಪರದೆ ತುಂಬಾ ಗದ್ದಲವೇ. ಅದಕ್ಕೆ ತಾಮ್ರದ ಹೊದಿಕೆಯ ಪ್ರತ್ಯೇಕ ಕೋಣೆ ಬೇಕು. ಕೇಬಲಿನಲ್ಲಿ ಸಿಗ್ನಲ್ ಒಂದು ಮೀಟರ್ ಬರಲು ಸುಮಾರು 5 ನ್ಯಾನೋಸೆಕೆಂಡ್ ಹಿಡಿಯುತ್ತದೆ. ಬೀಮ್ ಅಳೆಯುವ ಕೇಬಲ್ ಬೆಳಕು ಅಳೆಯುವ ಕೇಬಲಿಗಿಂತ 4 ಮೀಟರ್ ಉದ್ದವಾದರೆ ಬೆಳಕು ಬೀಮ್‌ಗಿಂತ ಮೊದಲೇ ಬಂದಂತೆ ಕಾಣುತ್ತದೆ! ಎಷ್ಟೋ ವಿದ್ಯಾರ್ಥಿಗಳು ಇದನ್ನು ಹೊಸ ಭೌತಶಾಸ್ತ್ರ ಅಂದುಕೊಂಡು ಓಡಿಬಂದಿದ್ದಾರೆ.

ಅನಿಲದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಫ್ಲೋರಿನ್ ಮುಟ್ಟಿದ್ದನ್ನೆಲ್ಲ ತಿನ್ನುತ್ತದೆ. ಸ್ಟೀಲ್ ಚೇಂಬರನ್ನು ಮೊದಲು ಸ್ವಲ್ಪ ಫ್ಲೋರಿನ್ ಹಾಕಿ ‘ಪಳಗಿಸಬೇಕು’. ಒಳಮೈ ಮೇಲೆ ಲೋಹದ ಫ್ಲೋರೈಡಿನ ಪದರ ಕೂತ ಮೇಲೆ ಅದು ಸುಮ್ಮನಾಗುತ್ತದೆ. ಕಿಟಕಿಗೆ ಮೆಗ್ನೀಸಿಯಂ ಫ್ಲೋರೈಡ್ ಅಥವಾ ಕ್ಯಾಲ್ಸಿಯಂ ಫ್ಲೋರೈಡ್. ಹೊರಹೋಗುವ ಅನಿಲವನ್ನು ಸೋಡಾ ಲೈಮ್‌ನಂಥ ವಸ್ತುವಿನ ಮೂಲಕ ಹಾಯಿಸಿ ಫ್ಲೋರಿನ್ ತೆಗೆಯಬೇಕು. ಹೊಸ ಯಂತ್ರ ಪರೀಕ್ಷಿಸುವಾಗ ಫ್ಲೋರಿನ್ ಮುಟ್ಟಲೇಬೇಡಿ ಎನ್ನುವವನು ನಾನು. ಆರ್ಗಾನ್ ಮತ್ತು ಸಾರಜನಕದ ಮಿಶ್ರಣ ಹಾಕಿ. ಆರ್ಗಾನ್ ಶಕ್ತಿ ಹೀರಿ ಸಾರಜನಕಕ್ಕೆ ದಾಟಿಸುತ್ತದೆ, 357.7 ನ್ಯಾನೋಮೀಟರಿನಲ್ಲಿ ಲೇಸರ್ ಸಿಗುತ್ತದೆ. ಆರ್ಗಾನ್–ಕ್ಸೆನಾನ್ ಹಾಕಿದರೆ 1.73 ಮೈಕ್ರಾನಿನ ಇನ್ಫ್ರಾರೆಡ್. ಹಾಳೆ ಹರಿದರೂ ಯಾರಿಗೂ ವಿಷ ತಗುಲುವುದಿಲ್ಲ.

ಇವೆಲ್ಲ ಒಟ್ಟಿಗೆ ದೊಡ್ಡ ಅಳತೆಯಲ್ಲಿ ಹೇಗಿರುತ್ತದೆ ಎಂದರೆ, ಅದೇ ನೌಕಾ ಪ್ರಯೋಗಾಲಯದ ನೈಕ್ ಲೇಸರ್ ನೋಡಬೇಕು. ಬೈಜಿಕ ಸಮ್ಮಿಲನದ ಪ್ರಯೋಗಗಳಿಗೆಂದು ಕಟ್ಟಿದ್ದು. ಕೊನೆಯ ಆಂಪ್ಲಿಫೈಯರಿನ ಬಾಯಿ 60 × 60 ಸೆಂಟಿಮೀಟರ್, ಎರಡೂ ಪಕ್ಕದಿಂದ ಎಲೆಕ್ಟ್ರಾನ್ ಬೀಮ್. ಅಲ್ಲೊಂದು ಸಮಸ್ಯೆ ಇತ್ತು. ಬೀಮ್ ಹೊಡೆತ ಇನ್ನೂರು ನ್ಯಾನೋಸೆಕೆಂಡಿಗೂ ಜಾಸ್ತಿ ಉದ್ದ. ಗುರಿಗೆ ಬೇಕಾದ್ದು 4 ನ್ಯಾನೋಸೆಕೆಂಡ್. ಕ್ರಿಪ್ಟಾನ್ ಫ್ಲೋರೈಡ್ ಅಣುವೋ ಕೆಲವು ನ್ಯಾನೋಸೆಕೆಂಡ್ ಮಾತ್ರ ಬದುಕುವುದು, ಶಕ್ತಿ ಕೂಡಿಡಲು ಬರುವುದಿಲ್ಲ. ಅದಕ್ಕೆ 4 ನ್ಯಾನೋಸೆಕೆಂಡಿನ 56 ಬೆಳಕಿನ ತುಣುಕುಗಳನ್ನು ರೈಲಿನ ಬೋಗಿಗಳಂತೆ ಒಂದರ ಹಿಂದೊಂದು, ಸ್ವಲ್ಪ ಸ್ವಲ್ಪ ಬೇರೆ ಕೋನದಲ್ಲಿ ಹಾಯಿಸುತ್ತಾರೆ. ಹೊರಬಂದ ಮೇಲೆ ಮೊದಲು ಬಂದದ್ದಕ್ಕೆ ಉದ್ದದ ದಾರಿ, ಕೊನೆಗೆ ಬಂದದ್ದಕ್ಕೆ ಹತ್ತಿರದ ದಾರಿ. ಗುರಿ ಮುಟ್ಟುವಾಗ ಎಲ್ಲವೂ ಒಂದೇ ಹೊತ್ತಿಗೆ. ಕೋಣೆ ತುಂಬಾ ಕನ್ನಡಿಗಳೇ ಕನ್ನಡಿಗಳು.

ನೈಕ್‌ಗೆ ಎರಡು ಹೊಡೆತಗಳ ನಡುವೆ ಬಿಡುವು ಬೇಕು. ಎಲೆಕ್ಟ್ರಾ ಸೆಕೆಂಡಿಗೆ 5 ಹೊಡೆತ ಕೊಡಲೆಂದೇ ಕಟ್ಟಿದ್ದು. ಅಲ್ಲಿ ಮತ್ತೆ ಹಾಳೆಯದೇ ಚಿಂತೆ. ನಮ್ಮ ಊಹೆಯ ಯಂತ್ರದಲ್ಲೇ ನೋಡಿ. ಒಂದು ಹೊಡೆತಕ್ಕೆ ಹಾಳೆ ಐದಾರು ಡಿಗ್ರಿ ಬಿಸಿಯಾಗುತ್ತದೆ. ಒಂದು ಹೊಡೆತಕ್ಕೆ ಏನೂ ಅಲ್ಲ. ಸೆಕೆಂಡಿಗೆ ಐದು, ಗಂಟೆಗಟ್ಟಲೆ ಆದರೆ? ಒಂದು ಕಡೆ ನಿರ್ವಾತ, ಶಾಖ ಹೋಗಲು ಜಾಗವಿಲ್ಲ. ಪಟ್ಟಿಗಳೊಳಗೆ ನೀರು ಹರಿಸಬೇಕು, ಅನಿಲದ ಕಡೆಯಿಂದ ಹಾಳೆಯ ಮೈಗೆ ಗಾಳಿ ಬೀಸಿದಂತೆ ಅನಿಲ ಹಾಯಿಸಬೇಕು. ಹೀಗೆ ಮಾಡಿ ಒಂದೇ ಓಟದಲ್ಲಿ ಹತ್ತಾರು ಸಾವಿರ ಹೊಡೆತ ಹೊಡೆದಿದ್ದಾರೆ.

ಇದಕ್ಕೆ ಪೂರ್ತಿ ಎದುರು ದಿಕ್ಕಿನಲ್ಲಿ ಹೋದವರು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಉಲ್ರಿಚ್ ಮತ್ತು ಸಂಗಡಿಗರು. ಅವರು ಟೈಟಾನಿಯಂ ಬಿಟ್ಟರು. ಚಿಪ್ ತಯಾರಿಕೆಯ ವಿದ್ಯೆಯಿಂದ ಮಾಡಿದ ಸಿಲಿಕಾನ್ ನೈಟ್ರೈಡ್ ಪೊರೆ ತೆಗೆದುಕೊಂಡರು. ದಪ್ಪ ಸುಮಾರು 300 ನ್ಯಾನೋಮೀಟರ್. ಟೈಟಾನಿಯಂ ಹಾಳೆಯ ಎಂಬತ್ತನೇ ಒಂದು ಪಾಲು. ಕಿಟಕಿ ತೀರಾ ಚಿಕ್ಕದು, ಹಾಗಾಗಿ ಒತ್ತಡ ತಡೆಯುತ್ತದೆ. ಇದನ್ನು ದಾಟಲು 10–20 ಕಿಲೋವೋಲ್ಟ್ ಸಾಕು. ಹಳೆಯ ಟಿ.ವಿ. ಟ್ಯೂಬಿನಷ್ಟೇ ವೋಲ್ಟೇಜ್! ಮಾರ್ಕ್ಸ್ ಬೇಡ, ನೀರಿನ ಲೈನ್ ಬೇಡ, ಸೀಸದ ಗೋಡೆ ಬೇಡ. ಇಡೀ ಯಂತ್ರ ಮೇಜಿನ ಮೇಲೆ ಬಂತು. ಎಲೆಕ್ಟ್ರಾನ್ ಅನಿಲದಲ್ಲಿ ಕೆಲವೇ ಮಿಲಿಮೀಟರ್ ಹೋಗುತ್ತದೆ, ನಿಜ. ಆದರೆ ನಿರ್ವಾತ ಅತಿನೇರಳೆ ಬೆಳಕಿನ ದೀಪಕ್ಕೆ, ಚಿಕ್ಕ ಲೇಸರ್ ಪ್ರಯೋಗಕ್ಕೆ ಅಷ್ಟು ಸಾಕು. ಹಾಳೆ ಬದಲಾಯಿತು, ಅದರ ಜೊತೆ ಉಳಿದದ್ದೆಲ್ಲವೂ ಬದಲಾಯಿತು.

ಈಗ ನಿಮ್ಮ ಲ್ಯಾಬಿಗೆ ಬರೋಣ. ಬೀಮ್ ಲೋಹಕ್ಕೆ ಬಡಿದಲ್ಲೆಲ್ಲ ಎಕ್ಸ್-ರೇ ಹುಟ್ಟುತ್ತದೆ. ನಮ್ಮ ದೇಶದಲ್ಲಿ ಅಂಥ ಸಲಕರಣೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಕೆಪಾಸಿಟರ್‌ಗಳ ಕಾಟ ಬೇರೆ. ಒಮ್ಮೆ ಶಾರ್ಟ್ ಮಾಡಿ ಖಾಲಿ ಮಾಡಿದರೂ ಒಳಗೆ ಉಳಿದ ಚಾರ್ಜ್ ನಿಧಾನವಾಗಿ ಮೇಲೆ ಬರುತ್ತದೆ. ಅದಕ್ಕೇ ಅರ್ಥ್ ಕೋಲನ್ನು ತಗುಲಿಸಿಯೇ ಬಿಡಬೇಕು, ತೆಗೆಯಬಾರದು. ಒಬ್ಬರೇ ಇರುವಾಗ ಟ್ಯಾಂಕ್ ತೆರೆಯಲೇಬಾರದು. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಕಾಳಿ ಹೆಸರಿನ ಪಲ್ಸ್ ಎಲೆಕ್ಟ್ರಾನ್ ಬೀಮ್ ಯಂತ್ರಗಳಿವೆ. ಉದ್ದೇಶ ಲೇಸರ್ ಅಲ್ಲ, ಆದರೆ ನಾನು ಹೇಳಿದ ಮಾರ್ಕ್ಸ್, ಲೈನ್, ಡಯೋಡ್ ಎಲ್ಲವೂ ಅಲ್ಲಿವೆ. ಇಂದೋರ್‌ನ ರಾಜಾ ರಾಮಣ್ಣ ಕೇಂದ್ರದಲ್ಲಿ ಲೇಸರ್ ಮತ್ತು ಎಲೆಕ್ಟ್ರಾನ್ ವೇಗವರ್ಧಕ ಎರಡರಲ್ಲೂ ಕೆಲಸ ನಡೆಯುತ್ತದೆ. ರಾಮಣ್ಣ ನಮ್ಮ ತುಮಕೂರಿನವರು, ನಿಮಗೆ ಗೊತ್ತಿರಬಹುದು. ಪ್ರಾಜೆಕ್ಟಿಗೆ ಇಂಥ ಕಡೆ ಪ್ರಯತ್ನ ಮಾಡಿ.

ಕಾಲೇಜಿನಲ್ಲಿ ಮಾಡುವುದಕ್ಕೆ ಎರಡು ಕೆಲಸ ಹೇಳುತ್ತೇನೆ. ಒಂದು, ರೋಗೋವ್ಸ್ಕಿ ಕಾಯಿಲ್ ನೀವೇ ಸುತ್ತಿ, ಸಿಗ್ನಲ್ ಜನರೇಟರಿನ ಕಡಿಮೆ ವೋಲ್ಟೇಜ್ ಹೊಡೆತದಲ್ಲಿ ಕ್ಯಾಲಿಬ್ರೇಟ್ ಮಾಡಿ. ಚೆನ್ನಾಗಿ ಮಾಡಿದರೆ ಅದು ಯಾವ ದೊಡ್ಡ ಲ್ಯಾಬಿಗೂ ಸಲ್ಲುತ್ತದೆ. ಎರಡು, ಹಾಳೆಯ ಲೆಕ್ಕ. ಎಲೆಕ್ಟ್ರಾನ್ ಯಾವ ವಸ್ತುವಿನಲ್ಲಿ ಎಷ್ಟು ಶಕ್ತಿ ಕಳೆಯುತ್ತದೆ ಎಂಬ ಪಟ್ಟಿ ಅಮೆರಿಕದ ಮಾನಕಗಳ ಸಂಸ್ಥೆ ನಿಸ್ಟ್‌ನ ಇಸ್ಟಾರ್ (ESTAR) ಎಂಬ ಜಾಲತಾಣದ ಪುಟದಲ್ಲಿ ಉಚಿತವಾಗಿ ಸಿಗುತ್ತದೆ. 150 ಕಿಲೋವೋಲ್ಟ್ ಬೀಮ್ ಇದೆ ಅಂದುಕೊಳ್ಳಿ. 25 ಮೈಕ್ರಾನ್ ಟೈಟಾನಿಯಂ ಹಾಕಿದರೆ ಎಷ್ಟು ದಾಟುತ್ತದೆ? 50 ಮೈಕ್ರಾನ್ ಕ್ಯಾಪ್ಟನ್ ಪ್ಲಾಸ್ಟಿಕ್ ಹಾಕಿದರೆ ಎಷ್ಟು? ಕ್ಯಾಪ್ಟನ್ ಸಾಂದ್ರತೆ 1.42. ದಪ್ಪ ಎರಡರಷ್ಟಿದ್ದರೂ ತೂಕ ಕಡಿಮೆ. ಹಾಗಿದ್ದೂ ಪದೇ ಪದೇ ಹೊಡೆಯುವ ಯಂತ್ರದಲ್ಲಿ ಎಲ್ಲರೂ ಲೋಹವನ್ನೇ ಯಾಕೆ ಹಾಕುತ್ತಾರೆ? ಹಾಳೆಯಲ್ಲಿ ಉಳಿಯುವ ಶಾಖ ಎಲ್ಲಿಗೆ ಹೋಗುತ್ತದೆ ಎಂಬಲ್ಲಿಂದ ಶುರು ಮಾಡಿ. ಲೆಕ್ಕ ಮುಗಿದಾಗ ನನಗೂ ಒಂದು ಪ್ರತಿ ಕಳಿಸಿ, ಖಂಡಿತ ನೋಡುತ್ತೇನೆ.